ಅಲೂಫ್ ಎಂದರೆ ಬರೀ ಬಿಗುಮಾನವಲ್ಲ

ರಾಜ್ಯೋತ್ಸವದ ಸಂಜೆ ಊಟದ ಸಾಲಿನಲ್ಲಿ ನಿಂತಿದ್ದಾಗ ಕಾಲೇಜು ಓದುವ ಹುಡುಗಿಯೊಬ್ಬಳು ಕೇಳಿದಳು: "ಅಂಕಲ್, ಅಲೂಫ್ ಅನ್ನೋದಕ್ಕೆ ಕನ್ನಡದಲ್ಲಿ ಏನಂತಾರೆ? ಇಲ್ಲಿ ಎಲ್ಲರೂ ನನ್ನನ್ನ ಹಾಗೇ ಕರೀತಾರೆ." ನಾನು ತಟ್ಟನೆ "ಬಿಗುಮಾನ" ಎಂದುಬಿಟ್ಟೆ. ಅವಳ ಮುಖ ಸಪ್ಪಗಾಯಿತು. ಮನೆಗೆ ಬಂದು ನಿಘಂಟು ತೆರೆದಾಗಲೇ ನನ್ನ ಉತ್ತರ ಅವಸರದ್ದೆಂದು ತಿಳಿದದ್ದು. ಅವಳಿಗೂ ಅವಳಂಥ ಯುವ ಮಿತ್ರರಿಗೂ ಈ ಬರಹ.

ಈ ಪದ ಹುಟ್ಟಿದ್ದು ಮನಸ್ಸಿನ ವ್ಯವಹಾರದಲ್ಲಲ್ಲ, ಸಮುದ್ರದ ಮೇಲೆ. ಅಲೂಫ್ 16ನೇ ಶತಮಾನದ ಇಂಗ್ಲಿಷ್ ನಾವಿಕರ ಮಾತು. 'ಲೂಫ್' ಎಂದರೆ ಗಾಳಿ ಬೀಸಿ ಬರುವ ಕಡೆ. ಹಾಯಿದೋಣಿ ನಡೆಸುವವರು ಇಂದಿಗೂ 'ಲಫ್' ಎನ್ನುತ್ತಾರೆ. ಡಚ್ ಭಾಷೆಯಲ್ಲೂ ಇದೇ ಪದವಿದೆ. ಹಡಗಿನ ಮಾತುಗಳನ್ನು ಡಚ್ಚರಿಂದ ಪಡೆಯುವುದು ಇಂಗ್ಲಿಷಿಗೆ ಹೊಸದೇನಲ್ಲ. ನೀವು ಕ್ರಿಕೆಟ್ ನಾಯಕನನ್ನು ಕರೆಯುವ 'ಸ್ಕಿಪ್ಪರ್' ಕೂಡ ಅಲ್ಲಿಂದಲೇ ಬಂದದ್ದು. ಮೊದಲಿನ 'ಅ' ಎಂಬುದು 'ಅಶೋರ್', 'ಅಸೈಡ್' ಪದಗಳಲ್ಲಿರುವಂಥದೇ.

ಇದು ನಾವಿಕರಿಗೆ ಏಕೆ ಬೇಕಾಯಿತು? ಗಾಳಿ ಸಮುದ್ರದಿಂದ ದಡದ ಕಡೆಗೆ ಬೀಸುತ್ತಿದೆ ಎನ್ನಿ. ಸುಮ್ಮನಿದ್ದರೆ ಹಾಯಿಹಡಗನ್ನು ಗಾಳಿಯೇ ತಳ್ಳಿಕೊಂಡು ಹೋಗಿ ಬಂಡೆಗೆ ಬಡಿಯುತ್ತದೆ. ಆಗ ಚುಕ್ಕಾಣಿ ತಿರುಗಿಸಿ, ಹಡಗಿನ ಮೂತಿಯನ್ನು ಆದಷ್ಟು ಗಾಳಿಯ ಕಡೆಗೇ ಹಿಡಿದು, ದಡದಿಂದ ದೂರ ಉಳಿಯಬೇಕು. ಅದೇ ಅಲೂಫ್. ಕ್ರಮೇಣ ಗಾಳಿ ಮರೆಯಾಗಿ 'ದೂರ' ಮಾತ್ರ ಉಳಿಯಿತು. ಷೇಕ್ಸ್‌ಪಿಯರನ 'ರೋಮಿಯೋ ಅಂಡ್ ಜೂಲಿಯೆಟ್' ನಾಟಕದ ಕೊನೆಯ ಅಂಕದಲ್ಲಿ ಪ್ಯಾರಿಸ್ ತನ್ನ ಸೇವಕನಿಗೆ ದೂರ ನಿಲ್ಲೆಂದು ಹೇಳುವಾಗ ಬಳಸುವುದು ಇದೇ ಪದ. ಯಾರೊಂದಿಗೂ ಬೆರೆಯದವರು ಎಂಬ ಅರ್ಥ ಬಂದದ್ದು ಆಮೇಲೆ.

ನಮ್ಮಲ್ಲಿ ಇದಕ್ಕೆ ಒಂದಲ್ಲ, ಹಲವು ಪದಗಳಿವೆ. 'ಬಿಗುಮಾನ'ದಲ್ಲಿ ಗರ್ವದ ಬಿಗಿಯಿದೆ. 'ಉದಾಸೀನ' ಎಂದರೆ ಮೂಲದಲ್ಲಿ ಬೇರೆಯಾಗಿ ಕುಳಿತವನು. 'ನಿರ್ಲಿಪ್ತ' ಎಂದರೆ ಏನನ್ನೂ ಅಂಟಿಸಿಕೊಳ್ಳದವನು. ಲೇಪನದ ಮೂಲವೇ ಇದರದೂ. ಇನ್ನು 'ತಟಸ್ಥ' ಎಂದರೆ ತಟದಲ್ಲಿ, ಅಂದರೆ ದಡದಲ್ಲಿ ನಿಂತವನು. ತಮಾಷೆ ನೋಡಿ! ಇಂಗ್ಲಿಷಿನವನು ದಡಕ್ಕೆ ಹೆದರಿ ನೀರಿನಲ್ಲೇ ಉಳಿದ. ನಮ್ಮವನು ನೀರಿಗಿಳಿಯದೆ ದಡದಲ್ಲೇ ನಿಂತ. ಇಬ್ಬರೂ ದೂರವೇ. ಆದರೆ ಮೊದಲನೆಯವನದು ಜಂಬವಲ್ಲ, ಜೀವಭಯ.

ಆ ಹುಡುಗಿ ದೂರ ಕೂರುವುದೇಕೆಂದು ಈಗ ಯೋಚಿಸುತ್ತೇನೆ. ಹಿಂದೊಮ್ಮೆ ವೇದಿಕೆಯಲ್ಲಿ 'ಹಾಲು' ಎನ್ನಲು ಹೋಗಿ 'ಹಾಳು' ಎಂದಿದ್ದಳು. ಸಭೆಯೆಲ್ಲ ನಕ್ಕಿತ್ತು. ನಾನೂ ನಕ್ಕಿದ್ದೆ. ಅಂದಿನಿಂದ ಅವಳು ಹಿಂದಿನ ಸಾಲು ಬಿಟ್ಟು ಬಂದಿಲ್ಲ. ಬಂಡೆಗೆ ಒಮ್ಮೆ ತಗಲಿದ ಹಡಗು ದಡಕ್ಕೆ ಹೆದರುವುದು ಸಹಜ.

ಆದ್ದರಿಂದ ಹಿರಿಯರಲ್ಲಿ ಒಂದು ಮಾತು: ನಮ್ಮ ನಗುವೇ ಆ ಗಾಳಿಯಾಗದಿರಲಿ. ಯುವ ಮಿತ್ರರಲ್ಲಿ ಇನ್ನೊಂದು: ಬಂಡೆ ತಪ್ಪಿಸಲು ದೂರ ಹೋದ ನಾವಿಕನೂ ಗಾಳಿ ತಿರುಗಿದ ಮೇಲೆ ಬಂದರಿಗೆ ಬರಲೇಬೇಕು. ತಪ್ಪು ಕನ್ನಡವಾದರೂ ಸರಿ, ಮಾತನಾಡಿ. ಮುಂದಿನ ಕಾರ್ಯಕ್ರಮದಲ್ಲಿ ನನ್ನ ಪಕ್ಕದ ಕುರ್ಚಿಯನ್ನು ಆ ಹುಡುಗಿಗಾಗಿ ಹಿಡಿದಿಟ್ಟಿರುತ್ತೇನೆ. ಮೊದಲು ಕ್ಷಮೆ ಕೇಳಬೇಕಾದವನು ನಾನು.