ಮುಂದಿನ ಸ್ಪ್ರಾಕೆಟ್‌ನ ಹಟಮಾರಿ ನಟ್ಟು

ತೋಟದವರ ಬೈಕೆಂದರೆ ಅರ್ಧ ಬೈಕು, ಅರ್ಧ ಜೀಪು. ಹಾಲಿನ ಕ್ಯಾನು, ಹಿಂಡಿ ಮೂಟೆ, ಮಳೆಗಾಲದಲ್ಲಿ ಮೈಲುತುತ್ತಿನ ಚೀಲ ಎಲ್ಲವೂ ಅದರ ಬೆನ್ನ ಮೇಲೇ. ಹಾಗಾಗಿ ಪೇಟೆಯವರ ಬೈಕಿಗಿಂತ ನಮ್ಮದರ ಚೈನು ಬೇಗ ಸವೆಯುತ್ತದೆ. ಚೈನು ಹಾಕುವಾಗ ಹಿಂದಿನ ಮತ್ತು ಮುಂದಿನ ಹಲ್ಲಿನ ಚಕ್ರ, ಅಂದರೆ ಸ್ಪ್ರಾಕೆಟ್, ಮೂರನ್ನೂ ಒಟ್ಟಿಗೇ ಬದಲಿಸಬೇಕೆನ್ನುವುದು ಎಲ್ಲರಿಗೂ ಗೊತ್ತು. ಆದರೆ ಮುಂದಿನದ್ದನ್ನು ಹಾಗೇ ಬಿಟ್ಟವರೇ ಜಾಸ್ತಿ. ಕಾರಣ ಕೇಳಿದರೆ ಒಂದೇ ಮಾತು: "ನಟ್ಟು ಬರುವುದಿಲ್ಲ ಮಾರಾಯ್ರೆ."

ಹಾಗೆ ಬಿಡುವುದು ಒಳ್ಳೆಯದಲ್ಲ. ಸವೆದ ಹಲ್ಲು ಕೊಕ್ಕೆಯಂತೆ ಬಾಗಿರುತ್ತದೆ. ಅದು ಹೊಸ ಚೈನನ್ನು ಬೇಗ ತಿನ್ನುತ್ತದೆ. ಕ್ಯಾನು ಕಟ್ಟಿಕೊಂಡು ಏರು ಹತ್ತುವಾಗ ಚೈನು ಹಲ್ಲು ಹಾರಿದರೆ ಬೈಕು ಹಿಂದಕ್ಕೆ ಜಾರೀತು. ತುಂಡಾದ ಚೈನು ಮುಂದಿನ ಸ್ಪ್ರಾಕೆಟ್ ಹತ್ತಿರ ಮುದ್ದೆಯಾಗಿ ಸಿಕ್ಕಿಕೊಂಡರೆ ಇಂಜಿನಿನ ಅಲ್ಯೂಮಿನಿಯಂ ಕವಚವೇ ಒಡೆಯುವುದುಂಟು.

ಎಲ್ಲ ಬೈಕಿಗೂ ಈ ತಾಪತ್ರಯವಿಲ್ಲ. ಹೀರೋಹೋಂಡಾ ಸಿ.ಡಿ. ನೂರು, ಸ್ಪ್ಲೆಂಡರ್ ಇಂಥವುಗಳಲ್ಲಿ ಒಂದು ತಗಡಿನ ಬಿಲ್ಲೆ, ಎರಡು ಸಣ್ಣ ಬೋಲ್ಟು, ಅಷ್ಟೆ. ಹಳೆಯ ಬುಲ್ಲೆಟ್ಟಿನಲ್ಲಿ ಸ್ಪ್ರಾಕೆಟ್ ಕ್ಲಚ್ಚಿನ ಹಿಂದೆ ಅಡಗಿರುವುದರಿಂದ ಅದು ಬೇರೆಯೇ ಪುರಾಣ. ನಾನು ಹೇಳಹೊರಟದ್ದು ಯಮಹಾ ಆರ್.ಎಕ್ಸ್. ನೂರರಂಥ, ಎಡಬದಿಯಲ್ಲಿ ಒಂದೇ ದೊಡ್ಡ ನಟ್ಟು ಇರುವ ಬೈಕುಗಳ ವಿಷಯ. ಆ ಬೈಕು 1996ರಲ್ಲೇ ನಿಂತಿತಾದರೂ ನಮ್ಮೂರಿನ ಏರುಗಳಲ್ಲಿ ಇನ್ನೂ ನಾಲ್ಕಾರು ಹೊಗೆಯಾಡುತ್ತಿವೆ. ನನ್ನದೂ ಒಂದು.

ನಟ್ಟು ಹಟ ಹಿಡಿಯುವುದು ಯಾಕೆ? ಕಬ್ಬಿಣ ತುಕ್ಕಾದಾಗ ಮೂಲ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಮರೆಯ ಸಂದಿನಲ್ಲಿ ಆ ಜಾಗ ಎಲ್ಲಿದೆ? ಹಾಗಾಗಿ ತುಕ್ಕೇ ಆಪು ಹೊಡೆದಂತೆ ಕೂರುತ್ತದೆ. ಅದರ ಮೇಲೆ ಕೆಸರು, ಗೊಬ್ಬರದ ನೀರು. ಮೈಲುತುತ್ತಿನ ನೀರು ಬಿದ್ದರಂತೂ ಕಬ್ಬಿಣ ಕರಗಿ ಅದರ ಮೇಲೆ ತಾಮ್ರ ಕೂರುತ್ತದೆ. ದ್ರಾವಣದಲ್ಲಿ ಚೂರಿ ಅದ್ದಿ ನೋಡುವವರಿಗೆ ಇದನ್ನು ಹೇಳಬೇಕಾಗಿಲ್ಲ.

ಗೇರಿನ ಲಿವರು, ಎಡಗಡೆಯ ಕವರು ತೆಗೆಯಿರಿ. ಚೈನು ಮಾತ್ರ ತೆಗೆಯಬೇಡಿ, ಅದೇ ನಮ್ಮ ಹಿಡಿತ. ಜಮೆಯಾದ ಗ್ರೀಸು ಮಣ್ಣನ್ನು ಸೀಮೆಎಣ್ಣೆ, ಬ್ರಶ್ಶಿನಿಂದ ತೊಳೆಯಿರಿ. ಆಗ ನಟ್ಟಿನ ಅಡಿಯಲ್ಲಿ ಒಂದು ತೆಳು ಬಿಲ್ಲೆ ಕಾಣುತ್ತದೆ. ಅದರ ಅಂಚನ್ನು ನಟ್ಟಿನ ಮುಖಕ್ಕೆ ಮಡಚಿರುತ್ತಾರೆ, ತಾನಾಗಿ ಸಡಿಲವಾಗದಿರಲೆಂದು. ಆ ಮಡಿಕೆಯನ್ನು ಚಪ್ಪಟೆ ಉಳಿಯಿಂದ ಪೂರ್ತಿ ಹಿಂದಕ್ಕೆ ಬಡಿಯಬೇಕು. ಕೆಸರಿನಲ್ಲಿ ಅದು ಕಾಣದೆ, ಬೀಗ ತೆಗೆಯದೆ ಬಾಗಿಲು ದೂಡಿದ ಹಾಗೆ ಒದ್ದಾಡುವವರಿದ್ದಾರೆ.

ಮುಂದಿನದು ಯಾವ ಕಡೆ ತಿರುಗಿಸುವುದೆಂಬ ಪ್ರಶ್ನೆ. ಇದು ಮಾಮೂಲಿ ಮರೆ, ಗಡಿಯಾರದ ಮುಳ್ಳಿಗೆ ಎದುರಾಗಿ ಬಿಚ್ಚುತ್ತದೆ. ಬೇರೆ ಬೈಕಿನದ್ದಾದರೆ ನಟ್ಟಿನಿಂದ ಹೊರಗೆ ಕಾಣುವ ಮರೆಯ ಗೆರೆ ನೋಡಿ. ಶಾಫ್ಟಿನ ತುದಿ ಮೇಲೆ ಬರುವಂತೆ ತಲೆ ವಾಲಿಸಿ ನೋಡಿದಾಗ ಗೆರೆ ಬಲಕ್ಕೆ ಏರಿದ್ದರೆ ಮಾಮೂಲಿ, ಎಡಕ್ಕೆ ಏರಿದ್ದರೆ ಉಲ್ಟಾ. ನಮ್ಮ ಕಳೆ ಕೊಚ್ಚುವ ಯಂತ್ರದ ಬ್ಲೇಡಿನ ನಟ್ಟು ಸಾಮಾನ್ಯವಾಗಿ ಉಲ್ಟಾ. ಅಲ್ಲಿ ಬಿಗಿ ಮಾಡುತ್ತಲೇ ಬಿಚ್ಚುತ್ತಿದ್ದೇನೆ ಅಂದುಕೊಳ್ಳುವವರು ಬಹಳ.

ಹಿಂದಿನ ಸಂಜೆಯೇ ಮರೆಗೆ ಎಣ್ಣೆ ಬಿಟ್ಟಿಡಿ. ಅಂಗಡಿಯಲ್ಲಿ ಸಿಗುವ ತುಕ್ಕು ಬಿಡಿಸುವ ಸ್ಪ್ರೇ ಒಳ್ಳೆಯದು. ಇಲ್ಲದಿದ್ದರೆ ಡೀಸೆಲ್ಲಿಗೆ ಸ್ವಲ್ಪ ಇಂಜಿನ್ ಎಣ್ಣೆ ಬೆರೆಸಿದರೂ ನಡೆಯುತ್ತದೆ, ತಾಳ್ಮೆ ಮಾತ್ರ ಹೆಚ್ಚು ಬೇಕು. ಬೈಕನ್ನು ಬಲಕ್ಕೆ ವಾಲಿಸಿ ಗೋಡೆಗೆ ಒರಗಿಸಿದರೆ ಎಣ್ಣೆ ಒಳಗೆ ಇಳಿಯುತ್ತದೆ. ನಡುನಡುವೆ ಹೊಡೆತವೂ ಬೇಕು. ನಟ್ಟಿನ ಒಂದು ಮುಖಕ್ಕೆ ಭಾರದ ಸುತ್ತಿಗೆ ಆನಿಸಿ, ಎದುರು ಮುಖಕ್ಕೆ ಸಣ್ಣ ಸುತ್ತಿಗೆಯಿಂದ ಟಕಟಕ ಬಡಿಯಿರಿ. ಹೀಗೆ ಆರೂ ಮುಖಕ್ಕೆ. ತುಕ್ಕು ಬಿರಿದು ಎಣ್ಣೆಗೆ ದಾರಿಯಾಗುತ್ತದೆ. ಶಾಫ್ಟಿನ ತುದಿಗೆ ಮಾತ್ರ ನೇರ ಹೊಡೆಯಬಾರದು, ಆ ಪೆಟ್ಟು ಬೇರಿಂಗಿಗೆ.

ಪಾನವೆಂದರೆ ಆರು ಮೂಲೆಯ ಸಾಕೆಟ್ಟೇ ಆಗಬೇಕು. ಹನ್ನೆರಡು ಮೂಲೆಯದ್ದು ನಟ್ಟಿನ ಮೂಲೆಯನ್ನಷ್ಟೇ ಹಿಡಿಯುತ್ತದೆ, ಬಲ ಹಾಕಿದರೆ ಸವರಿಬಿಡುತ್ತದೆ. ಹೊಂದಿಸುವ ಪಾನ, ಪೈಪಿನ ಪಾನ ಇವನ್ನು ಪಂಪುಸೆಟ್ಟಿಗೇ ಇಟ್ಟುಕೊಳ್ಳಿ.

ಇನ್ನು ಹಿಡಿತದ ವಿಷಯ. ಇಲ್ಲೇ ಹೆಚ್ಚಿನವರು ಸೋಲುವುದು. ಒಂದನೇ ಗೇರಿಗೆ ಹಾಕಿ ಎಳೆದರೆ ಸಾಲದು, ಇಂಜಿನು ತಿರುಗಿಬಿಡುತ್ತದೆ. ಪ್ಲಗ್ಗಿನ ತೂತಿನಲ್ಲಿ ಹಗ್ಗ ತುರುಕಿ ಪಿಸ್ಟನ್ ತಡೆಯುವವರಿದ್ದಾರೆ. ಆಗ ಎಳೆತವೆಲ್ಲ ಗೇರಿನ ಹಲ್ಲು, ಕ್ಲಚ್ಚು, ಕನೆಕ್ಟಿಂಗ್ ರಾಡಿನ ಮೇಲೆ ಬೀಳುತ್ತದೆ. ನನಗದು ಇಷ್ಟವಿಲ್ಲ. ಬೈಕನ್ನು ಸ್ಟ್ಯಾಂಡಿನಿಂದ ಇಳಿಸಿ, ನೆಲದ ಮೇಲೆ ನಿಲ್ಲಿಸಿ, ಭಾರದ ಆಳನ್ನು ಸೀಟಿನ ಹಿಂದೆ ಕೂರಿಸಿ, ಇನ್ನೊಬ್ಬರಿಂದ ಹಿಂದಿನ ಬ್ರೇಕನ್ನು ಗಟ್ಟಿಯಾಗಿ ತುಳಿಸಿ. ಗೇರು ನ್ಯೂಟ್ರಲ್ಲಿನಲ್ಲಿರಲಿ. ನಟ್ಟನ್ನು ಎಡಕ್ಕೆ ತಿರುಗಿಸಿದಾಗ ಸ್ಪ್ರಾಕೆಟ್ ಮುಂದಕ್ಕೆ ಹೊರಡುತ್ತದೆ, ಚೈನಿನ ಮೇಲಿನ ಎಳೆ ಬಿಗಿಯಾಗುತ್ತದೆ, ಚಕ್ರ ಬ್ರೇಕಿನಲ್ಲಿ ನಿಲ್ಲುತ್ತದೆ. ಚೈನು ಸಡಿಲವಿದ್ದರೆ ಮೊದಲು ಬಿಗಿ ಮಾಡಿಕೊಳ್ಳಿ.

ಹಿಡಿಗೆ ಒಂದು ಮೀಟರಿನ ಜಿ.ಐ. ಪೈಪು ಸಿಕ್ಕಿಸಿ. 20 ಸೆಂಟಿಮೀಟರ್ ಹಿಡಿಗೆ 30 ಕಿಲೋ ಬಲ ಹಾಕಿದರೆ 6 ಕಿಲೋ-ಮೀಟರ್ ತಿರುಚುಬಲ. ಅದೇ ಕೈ ಒಂದು ಮೀಟರಿನ ತುದಿಯಲ್ಲಿ 30 ಕೊಡುತ್ತದೆ. ಜರ್ಕು ಹೊಡೆಯದೆ ನಿಧಾನವಾಗಿ ಭಾರ ಹೇರಿ. 'ಟಣ್' ಎಂಬ ಸದ್ದು ಬಂತೆಂದರೆ ಗೆದ್ದಿರಿ. ಬ್ಯಾಟರಿಯ ಇಂಪ್ಯಾಕ್ಟ್ ರೆಂಚ್ ಇದ್ದವರಿಗೆ ಇಷ್ಟು ಸರ್ಕಸ್ಸು ಬೇಡ. ಅದು ಸಣ್ಣ ಸಣ್ಣ ಪೆಟ್ಟು ಒಂದೇ ಸಮನೆ ಹೊಡೆಯುವುದರಿಂದ ಹಿಡಿತ ಅಷ್ಟು ಬೇಕಾಗುವುದಿಲ್ಲ. ಹತ್ತಿರದ ಟ್ರಾಕ್ಟರಿನವರ ಬಳಿ ಇದ್ದೀತು, ಕೇಳಿ ನೋಡಿ.

ಅದಕ್ಕೂ ಜಗ್ಗದಿದ್ದರೆ ಬಿಸಿ. ಆದರೆ ಗ್ಯಾಸಿನ ಬೆಂಕಿ ಬೇಡವೆನ್ನುತ್ತೇನೆ. ಸ್ಪ್ರಾಕೆಟ್ಟಿನ ಹಿಂದೆಯೇ ರಬ್ಬರಿನ ಎಣ್ಣೆ ಸೀಲಿದೆ, ಅದು ಸುಟ್ಟರೆ ಗೇರೆಣ್ಣೆ ಚೈನಿಗೆ ಸುರಿಯುತ್ತದೆ. ಮೇಲೆ ಪೆಟ್ರೋಲ್ ಟ್ಯಾಂಕೂ ಇದೆ. ಕುದಿವ ನೀರು ಹೊಯ್ದ ಬಟ್ಟೆಯನ್ನು ನಟ್ಟಿಗೆ ಮತ್ತೆ ಮತ್ತೆ ಸುತ್ತಿ, ಬಿಸಿ ಇರುವಾಗಲೇ ಎಳೆಯಿರಿ.

ಕೊನೆಯ ದಾರಿ ನಟ್ಟನ್ನು ಸೀಳುವುದು. ಒಂದು ಮುಖದಲ್ಲಿ, ಶಾಫ್ಟಿಗೆ ಸಮಾನಾಂತರವಾಗಿ ಸಣ್ಣ ಡ್ರಿಲ್ಲಿನಿಂದ ಮರೆ ಮುಟ್ಟದ ಹಾಗೆ ತೂತು ಕೊರೆದು, ಉಳಿದ ಗೋಡೆಯನ್ನು ಉಳಿಯಿಂದ ಬಿರಿಸಬೇಕು. ಗರಗಸದ ಗ್ರೈಂಡರಿನ ಕಿಡಿ ಪೆಟ್ರೋಲಿನ ಹತ್ತಿರ ಸಲ್ಲದು. ಅವಸರ ಮಾಡದಿರುವುದಕ್ಕೆ ಕಾರಣವಿದೆ: ನಟ್ಟು ಹೋದರೆ ಹೊಸದು ಅಗ್ಗ. ಶಾಫ್ಟಿನ ಮರೆ ಹೋದರೆ ಇಂಜಿನನ್ನೇ ಇಳಿಸಿ ಎರಡು ಹೋಳು ಮಾಡಬೇಕು. ಪೇಟೆಯ ಒಂದು ಗ್ಯಾರೇಜಿನಲ್ಲಿ ಉಳಿಯಿಂದ ಹೊಡೆದೇ ನಟ್ಟು ತಿರುಗಿಸಿ ನನ್ನ ಬೈಕಿನ ಎರಡು ಮರೆ ಜಜ್ಜಿದ್ದರು. ಸಣ್ಣ ತ್ರಿಕೋನ ಅರದಲ್ಲಿ ಅದನ್ನು ಸರಿಮಾಡಲು ನನಗೆ ಅರ್ಧ ದಿನ ಹಿಡಿಯಿತು.

ಜೋಡಿಸುವಾಗ ಮರೆಯನ್ನು ತಂತಿ ಬ್ರಶ್ಶಿನಿಂದ ಉಜ್ಜಿ, ಶಾಫ್ಟಿನ ಗೀರುಗಳಿಗೆ ತುಸು ಗ್ರೀಸು ಸವರಿ. ಮಡಚುವ ಬಿಲ್ಲೆ ಹೊಸದೇ ಇರಲಿ, ಹಳೆಯದು ಎರಡನೇ ಮಡಿಕೆಗೆ ಸೀಳುತ್ತದೆ. ಬಿಗಿ ಮಾಡುವಾಗ ಆ ಒಂದು ಮೀಟರಿನ ಪೈಪನ್ನು ದೂರ ಇಡಿ.