ಬೆಂಕಿಯ ಹೆಸರು, ಬೆವರಿನ ಹೆಸರು

ಕೊರಿಯಾ ದೇಶದ ಪ್ರಸಿದ್ಧ ಮದ್ಯಕ್ಕೆ 'ಸೋಜು' ಎಂದು ಹೆಸರು. 'ಸುಟ್ಟ ಮದ್ಯ' ಎಂಬುದು ಅದರ ಅರ್ಥ. ಆದರೆ ಅಲ್ಲಿಯ ಕೇಸಾಂಗ್ ಪ್ರಾಂತದಲ್ಲಿ ಇದೇ ಮದ್ಯಕ್ಕೆ 'ಅರಾಕ್‌ಜು' ಎಂಬ ಇನ್ನೊಂದು ಹೆಸರುಂಟು. ಇದರ ಮೂಲ ಅರಬ್ಬೀ ಭಾಷೆಯ 'ಅರಕ್', ಎಂದರೆ ಬೆವರು. ಒಂದೇ ದ್ರವಕ್ಕೆ ಬೆಂಕಿಯ ಹೆಸರೂ ಬೆವರಿನ ಹೆಸರೂ ಬಂದುದು ಹೇಗೆ?

ಇದಕ್ಕೆ ಉತ್ತರ ಭೌತವಿಜ್ಞಾನದಲ್ಲಿದೆ. ನೀರು 100 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕುದಿದರೆ ಮದ್ಯಸಾರವು ಸುಮಾರು 78 ಡಿಗ್ರಿಯಲ್ಲಿಯೇ ಕುದಿಯುತ್ತದೆ. ಆದುದರಿಂದ ಹುಳಿತ ರಸವನ್ನು ಕಾಯಿಸಿದಾಗ ಮೇಲೇಳುವ ಆವಿಯಲ್ಲಿ ಮದ್ಯಸಾರದ ಪಾಲು ರಸದಲ್ಲಿದ್ದುದಕ್ಕಿಂತ ಹೆಚ್ಚಾಗಿರುತ್ತದೆ. ಈ ಆವಿಯು ತಣ್ಣನೆಯ ಮೈಯನ್ನು ತಾಗಿದೊಡನೆ ತನ್ನ ಗುಪ್ತೋಷ್ಣವನ್ನು ಅದಕ್ಕೆ ಒಪ್ಪಿಸಿ ಹನಿಗಟ್ಟುತ್ತದೆ. ಒಂದು ಗ್ರಾಂ ಮದ್ಯಸಾರದ ಆವಿ ದ್ರವವಾಗುವಾಗ ಬಿಟ್ಟುಕೊಡುವ ಉಷ್ಣ ಸುಮಾರು 200 ಕ್ಯಾಲೊರಿ. ತಣಿಸುವ ನೀರನ್ನು ಆಗಾಗ ಬದಲಾಯಿಸಬೇಕಾಗುವುದು ಇದರಿಂದಲೇ. ಹೀಗೆ ಕೂಡಿದ ಹನಿಗಳು ನೋಡುವುದಕ್ಕೆ ಹಣೆಯ ಮೇಲಿನ ಬೆವರಿನಂತೆಯೇ ಇರುತ್ತವೆ.

ಕೆಲವು ಜನರ ಕಣ್ಣು ಒಲೆಯ ಮೇಲೆ ನೆಟ್ಟಿತು. ಡಚ್ಚರು 'ಸುಟ್ಟ ದ್ರಾಕ್ಷಾರಸ' ಎಂಬರ್ಥದಲ್ಲಿ 'ಬ್ರಾಂಡೆವೈನ್' ಎಂದರು. ಇಂಗ್ಲಿಷಿನ 'ಬ್ರಾಂದಿ' ಅದರಿಂದಲೇ ಬಂದುದು. ಜಪಾನಿನ 'ಶೋಚು' ಪದಕ್ಕೂ 'ಸುಟ್ಟ ಮದ್ಯ'ವೆಂದೇ ಅರ್ಥ. ಅರಬ್ಬರಾದರೋ ಹನಿಯನ್ನು ಕಂಡರು. ಅವರ 'ಅರಕ್' ತುರ್ಕಿಯಲ್ಲಿ 'ರಾಕಿ', ಮಂಗೋಲಿಯದಲ್ಲಿ 'ಆರ್ಖಿ', ಸಿಂಹಳದ್ವೀಪದಲ್ಲಿ 'ಅರ‍್ಯಾಕ್' ಆಯಿತು. 13ನೆಯ ಶತಮಾನದಲ್ಲಿ ಮಂಗೋಲರೊಡನೆ ಈ ವಿದ್ಯೆ ಕೊರಿಯಾವನ್ನು ಮುಟ್ಟಿದಾಗ ಪದವೂ ಜೊತೆಯಲ್ಲಿಯೇ ಹೋಯಿತು.

ಇವೆರಡೂ ಕಣ್ಣಾರೆ ಕಂಡುದನ್ನು ಹೇಳುವ ಹೆಸರುಗಳು. ಮೂರನೆಯದೊಂದು ಬಗೆಯುಂಟು. 'ವಿಸ್ಕಿ' ಎಂಬುದು 'ಜೀವಜಲ' ಎಂಬರ್ಥದ ಗೇಲಿಕ್ ಮಾತಿನಿಂದ ಬಂದುದು. ಮದ್ಯಸಾರವು ಆಯುಸ್ಸನ್ನು ಹೆಚ್ಚಿಸುವುದೆಂದು ಮಧ್ಯಯುಗದ ಯೂರೋಪಿನ ವೈದ್ಯರು ನಂಬಿದ್ದರು. ಆ ನಂಬಿಕೆ ಪರೀಕ್ಷೆಯಲ್ಲಿ ನಿಲ್ಲಲಿಲ್ಲ. 1988ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು ಮದ್ಯಪಾನೀಯಗಳನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು. ಹೆಸರೊಂದು ಕಂಡುದನ್ನು ಹೇಳುತ್ತಿದೆಯೋ, ಬಯಸಿದುದನ್ನು ಹೇಳುತ್ತಿದೆಯೋ ಎಂದು ವಿದ್ಯಾರ್ಥಿಯಾದವನು ಕೇಳಿಕೊಳ್ಳುವುದು ಒಳಿತು.

ಕನ್ನಡದಲ್ಲಿ ನಾವು 'ಭಟ್ಟಿ ಇಳಿಸುವುದು' ಎನ್ನುತ್ತೇವೆ. ಭಟ್ಟಿಯೆಂದರೆ ಒಲೆ, ಇಳಿಯುವುದು ಹನಿ. ಕಾಯಿಸುವುದು, ತಣಿಸುವುದು ಎಂಬ ಎರಡು ಕ್ರಿಯೆಗಳೂ ನಮ್ಮ ಈ ಎರಡು ಪದಗಳಲ್ಲಿ ಅಡಗಿವೆ.