ಅಗ್ಗದ ಆರ್ಕೇಡ್ ಸ್ಟಿಕ್: ಹೊಸ ಆಟಗಾರರು ನೋಡಬೇಕಾದದ್ದೇನು?

ಇಬ್ಬರು ಆಟಗಾರರು ಒಂದೇ ಪರದೆಯ ಎಡಬಲಗಳಲ್ಲಿ ತಮ್ಮ ತಮ್ಮ ಪಾತ್ರಗಳನ್ನು ನಿಲ್ಲಿಸಿ ಸೆಣಸುವ ಫೈಟಿಂಗ್ ಗೇಮ್‌ಗಳು ಇಂದಿನ ರೂಪವನ್ನು ಪಡೆದದ್ದು ಮನೆಗಳಲ್ಲಲ್ಲ, ನಾಣ್ಯ ಹಾಕಿ ಆಡುವ ಆರ್ಕೇಡ್ ಕೇಂದ್ರಗಳಲ್ಲಿ. ಜಪಾನಿನ ಕ್ಯಾಪ್‌ಕಾಮ್ ಸಂಸ್ಥೆ 1991ರಲ್ಲಿ ಹೊರತಂದ ಸ್ಟ್ರೀಟ್ ಫೈಟರ್ 2 ಆಟದ ಯಂತ್ರದಲ್ಲಿ ಎಡಗೈಗೆ ಪಾತ್ರವನ್ನು ನಡೆಸುವ ಒಂದು ಲಿವರ್ ಇದ್ದರೆ, ಬಲಗೈಗೆ ಬಲಾಬಲದ ಪ್ರಕಾರ ಮೂರು ಗುದ್ದು ಮತ್ತು ಮೂರು ಒದೆತಗಳಿಗೆಂದು ಎರಡು ಸಾಲುಗಳಲ್ಲಿ ಆರು ಗುಂಡಿಗಳಿದ್ದವು; ಅದರ ಅಪಾರ ಜನಪ್ರಿಯತೆಯಿಂದಾಗಿ ಈ ಜೋಡಣೆಯೇ ಮುಂದಿನ ಆಟಗಳಿಗೂ ಮಾದರಿಯಾಯಿತು. ಅದೇ ಲಿವರ್ ಮತ್ತು ಗುಂಡಿಗಳನ್ನು, ಹೆಚ್ಚಾಗಿ ಇನ್ನೆರಡು ಗುಂಡಿಗಳನ್ನು ಸೇರಿಸಿ, ಮಡಿಲ ಮೇಲೋ ಮೇಜಿನ ಮೇಲೋ ಇಟ್ಟುಕೊಳ್ಳಬಹುದಾದ ಪೆಟ್ಟಿಗೆಯಲ್ಲಿ ಅಳವಡಿಸಿ, ಕಂಪ್ಯೂಟರಿಗೆ ಅಥವಾ ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್‌ನಂತಹ ಕನ್ಸೋಲಿಗೆ ತಂತಿಯ ಮೂಲಕ ಜೋಡಿಸುವ ಉಪಕರಣವೇ ಆರ್ಕೇಡ್ ಸ್ಟಿಕ್.

ಇಂತಹ ಉಪಕರಣ ಹೊಸಬರಿಗೆ ಬೇಕೇ ಎಂಬ ಪ್ರಶ್ನೆಗೆ ಮಾರಾಟಗಾರರು ಕೊಡುವ ಉತ್ತರಕ್ಕಿಂತ ಸ್ಪರ್ಧೆಗಳ ಇತಿಹಾಸ ಕೊಡುವ ಉತ್ತರ ಹೆಚ್ಚು ನಂಬತಕ್ಕದ್ದು. ಅಮೆರಿಕದಲ್ಲಿ ನಡೆಯುವ, ಫೈಟಿಂಗ್ ಗೇಮ್‌ಗಳ ಅತ್ಯಂತ ಹೆಸರಾಂತ ಕೂಟವಾದ ಇವೊದಲ್ಲಿ 2014ರ ಅಲ್ಟ್ರಾ ಸ್ಟ್ರೀಟ್ ಫೈಟರ್ 4 ಪ್ರಶಸ್ತಿಯನ್ನು ಗೆದ್ದ ಫ್ರಾನ್ಸಿನ ಲೂಫಿ ಎಂಬ ಆಟಗಾರ ಬಳಸಿದ್ದು ಸ್ಟಿಕ್ಕನ್ನಲ್ಲ, 1990ರ ದಶಕದ ಮೊದಲ ಪ್ಲೇಸ್ಟೇಷನ್ನಿನ ಸಾಮಾನ್ಯ ಗೇಮ್‌ಪ್ಯಾಡನ್ನು. ಸ್ಟಿಕ್ ಕೊಂಡ ಮಾತ್ರಕ್ಕೆ ಗೆಲುವು ಹೆಚ್ಚುವುದಿಲ್ಲ. ಪ್ಯಾಡಿನಲ್ಲಿ ಪಳಗಿದ ಕೈ ಹೊಸದಾಗಿ ಕಲಿಯಬೇಕಾಗುವುದರಿಂದ ಮೊದಲ ಕೆಲವು ವಾರ ಆಟ ಹಿಂದೆ ಬೀಳುವುದೇ ಹೆಚ್ಚು. ಆದರೂ ಪ್ಯಾಡಿನ ದಿಕ್ಕುಗುಂಡಿಯನ್ನು ಒತ್ತಿ ಒತ್ತಿ ಹೆಬ್ಬೆರಳು ನೋಯುವವರಿಗೆ, ಕೆಲಸವನ್ನು ಒಂದು ಬೆರಳಿಗೆ ಬಿಡದೆ ಇಡೀ ಕೈಗೆ ಹಂಚಬಯಸುವವರಿಗೆ, ಎರಡು ಮೂರು ಗುಂಡಿಗಳನ್ನು ಒಟ್ಟಿಗೆ ಒತ್ತಬೇಕಾದಲ್ಲಿ ಬೇರೆ ಬೇರೆ ಬೆರಳುಗಳನ್ನು ಬಳಸಬಯಸುವವರಿಗೆ ಸ್ಟಿಕ್ ನಿಜವಾಗಿಯೂ ಅನುಕೂಲಕರ. ಅದರಲ್ಲಿ ಆಡುವುದೇ ಒಂದು ಸುಖವೆನ್ನುವವರ ಕಾರಣವನ್ನೂ ಸಣ್ಣದೆಂದು ತಳ್ಳಿಹಾಕಬೇಕಾಗಿಲ್ಲ.

ಕೊಳ್ಳುವ ಮುನ್ನ ಲಿವರಿನ ಒಳಗೆ ನಡೆಯುವುದೇನೆಂದು ತಿಳಿದಿರುವುದು ಒಳ್ಳೆಯದು, ಏಕೆಂದರೆ ಜಾಹೀರಾತುಗಳಲ್ಲಿ ಬರುವ ಅರ್ಧದಷ್ಟು ಪದಗಳು ಅಲ್ಲಿಂದಲೇ ಹುಟ್ಟಿದವು. ಲಿವರಿನ ಬುಡದಲ್ಲಿ ನಾಲ್ಕು ದಿಕ್ಕಿಗೆ ನಾಲ್ಕು ಮೈಕ್ರೋಸ್ವಿಚ್‌ಗಳಿರುತ್ತವೆ. ಮೈಕ್ರೋಸ್ವಿಚ್ ಎಂದರೆ ಸಣ್ಣದೊಂದು ಒತ್ತಡಕ್ಕೆ ಟಿಕ್ಕೆಂದು ಸದ್ದು ಮಾಡಿ ವಿದ್ಯುತ್ ಸಂಪರ್ಕ ಕೂಡಿಸುವ ಪುಟ್ಟ ಸ್ವಿಚ್ಚು. ಲಿವರನ್ನು ಬಲಕ್ಕೆ ವಾಲಿಸಿದರೆ ಒಂದು ಸ್ವಿಚ್ಚು ಒತ್ತಲ್ಪಡುತ್ತದೆ, ಕೆಳಬಲದ ಮೂಲೆಗೆ ವಾಲಿಸಿದರೆ ಎರಡು ಒಟ್ಟಿಗೆ ಒತ್ತಲ್ಪಡುತ್ತವೆ. ಮೂಲೆಯ ದಿಕ್ಕುಗಳಿಗೆ ಬೇರೆ ಸ್ವಿಚ್ಚುಗಳಿಲ್ಲ, ಹೀಗಾಗಿ ನಾಲ್ಕು ಸ್ವಿಚ್ಚುಗಳಿಂದಲೇ ಎಂಟು ದಿಕ್ಕುಗಳು ದೊರೆಯುತ್ತವೆ. ಕೈಬಿಟ್ಟ ಕೂಡಲೇ ಲಿವರನ್ನು ನಡುವಿಗೆ ತರುವುದು ಒಂದು ಸ್ಪ್ರಿಂಗ್. ಲಿವರು ಎಷ್ಟು ದೂರ, ಯಾವ ಆಕಾರದೊಳಗೆ ಚಲಿಸಬಹುದೆಂಬುದನ್ನು ನಿರ್ಧರಿಸುವುದು ಅದರ ತಳದಲ್ಲಿರುವ ಪ್ಲಾಸ್ಟಿಕ್ ಬಿಲ್ಲೆಯೊಂದರ ನಡುವಿನ ಕಿಂಡಿ, ಅದಕ್ಕೆ ಗೇಟ್ ಎಂದು ಹೆಸರು. ಚೌಕ ಗೇಟಿನಲ್ಲಿ ಮೂಲೆಯ ದಿಕ್ಕುಗಳು ಸ್ಪಷ್ಟವಾಗಿ ಸಿಗುತ್ತವೆ, ಎಂಟು ಬದಿಯ ಗೇಟಿನಲ್ಲಿ ಪ್ರತಿಯೊಂದು ದಿಕ್ಕಿಗೂ ಸಣ್ಣದೊಂದು ತಂಗುದಾಣ ಸಿಗುತ್ತದೆ, ವೃತ್ತಾಕಾರದ ಗೇಟಿನಲ್ಲಿ ಯಾವ ಮೂಲೆಯೂ ಕೈಗೆ ತಡೆಯುವುದಿಲ್ಲ.

ಈ ವಿವರಗಳು ಮುಖ್ಯವಾಗುವುದು ಆಟದ ವೇಗದ ಕಾರಣದಿಂದ. ಈ ಬಗೆಯ ಆಟಗಳು ಸಾಮಾನ್ಯವಾಗಿ ಸೆಕೆಂಡಿಗೆ 60 ಚಿತ್ರಗಳ, ಅಂದರೆ 60 ಫ್ರೇಮ್‌ಗಳ ಲೆಕ್ಕದಲ್ಲಿ ನಡೆಯುವುದರಿಂದ ಒಂದು ಫ್ರೇಮಿನ ಅವಧಿ ಸುಮಾರು 16.7 ಮಿಲಿಸೆಕೆಂಡು ಮಾತ್ರ. ಸ್ಟ್ರೀಟ್ ಫೈಟರ್‌ನ ರ್ಯು ಎಂಬ ಪಾತ್ರ ಹಡೋಕೆನ್ ಎಂಬ ಬೆಳಕಿನ ಉಂಡೆಯನ್ನು ಎಸೆಯಬೇಕಾದರೆ ಲಿವರು ಕೆಳಗೆ, ಕೆಳಗಿನ ಮುಂಮೂಲೆಗೆ, ಮುಂದಕ್ಕೆ ಎಂಬ ಕ್ರಮದಲ್ಲಿ ಕಾಲುವೃತ್ತ ಸುತ್ತಿ ಗುದ್ದಿನ ಗುಂಡಿಯೊಂದಿಗೆ ಮುಗಿಯಬೇಕು. ನಡುವಿನ ಮೂಲೆ ತಪ್ಪಿದರೆ ಉಂಡೆಯ ಬದಲು ಬರಿಯ ಗುದ್ದು ಬೀಳುತ್ತದೆ. ಹೊಸಬರು ಸಾಮಾನ್ಯವಾಗಿ ದೂರುವುದು ಚೌಕ ಗೇಟನ್ನು, ಅದು ಕೈಯನ್ನು ತಡೆಯುತ್ತದೆಂದು. ಗೇಟಿನ ಗೋಡೆಗೆ ಲಿವರನ್ನು ಪ್ರತಿಸಲವೂ ಗುದ್ದಬೇಕೆಂಬ ತಪ್ಪು ತಿಳುವಳಿಕೆಯೇ ಆ ದೂರಿನ ಮೂಲ; ಗೋಡೆ ಮುಟ್ಟುವ ಮೊದಲೇ ಸ್ವಿಚ್ಚು ಒತ್ತಲ್ಪಟ್ಟಿರುತ್ತದೆಂಬುದು ಕೈಗೆ ತಿಳಿಯುವವರೆಗೆ ಗೇಟು ಬದಲಿಸಿ ಪ್ರಯೋಜನವಿಲ್ಲ.

ಲಿವರುಗಳಲ್ಲಿ ದೇಶಕ್ಕೊಂದು ಸಂಪ್ರದಾಯವಿದೆ. ಜಪಾನಿನ ಲಿವರುಗಳ ತುದಿಯಲ್ಲಿ ಗುಂಡನೆಯ ಚೆಂಡಿರುತ್ತದೆ, ಸ್ಪ್ರಿಂಗ್ ಮೃದು, ಗೇಟು ಹೆಚ್ಚಾಗಿ ಚೌಕ. ಸಾನ್ವಾ ಸಂಸ್ಥೆಯ ಜೆಎಲ್‌ಎಫ್ ಎಂಬ ಲಿವರು ಇವುಗಳಲ್ಲಿ ಎಷ್ಟು ವ್ಯಾಪಕವೆಂದರೆ ಉಳಿದವುಗಳನ್ನು ಅದರೊಂದಿಗೆ ಹೋಲಿಸಿಯೇ ವಿವರಿಸುವುದು ರೂಢಿ. ಸೇಮಿತ್ಸು ಸಂಸ್ಥೆಯದು ಇನ್ನಷ್ಟು ಬಿಗಿಯಾದ ಲಿವರೆಂದು ಮೆಚ್ಚುವವರಿದ್ದಾರೆ. ಟೆಕ್ಕೆನ್ ಆಟದಲ್ಲಿ ಹೆಸರು ಮಾಡಿದ ದಕ್ಷಿಣ ಕೊರಿಯಾದಲ್ಲಿ ಸ್ಪ್ರಿಂಗಿನ ಬದಲು ರಬ್ಬರಿನ ಬಳೆ ಲಿವರನ್ನು ನಡುವಿಗೆ ಎಳೆಯುತ್ತದೆ, ಚೌಕ ಗೇಟಿರುವುದಿಲ್ಲ, ಹಿಡಿ ಉದ್ದನೆಯದು. ಹಿಂದೆ ಮುಂದೆ ಥಟ್ಟನೆ ಸರಿಯುವ ಟೆಕ್ಕೆನ್ ಚಲನೆಗೆ ಅದು ಚೆನ್ನಾಗಿ ಒಗ್ಗುತ್ತದೆ. ಅಮೆರಿಕದ ಹಳೆಯ ಯಂತ್ರಗಳಲ್ಲಿದ್ದ ಗಟ್ಟಿ ಸ್ಪ್ರಿಂಗಿನ ಲಿವರುಗಳು ಮನೆಯ ಸ್ಟಿಕ್‌ಗಳಲ್ಲಿ ಈಗ ಅಪರೂಪ.

ಅಗ್ಗದ ಸ್ಟಿಕ್ ಕೊಳ್ಳುವವರು ಮಾಡುವ ದೊಡ್ಡ ತಪ್ಪೆಂದರೆ ಈ ಲಿವರು ಮತ್ತು ಗುಂಡಿಗಳ ಗುಣವನ್ನೇ ಮೊದಲು ನೋಡುವುದು. ಕಡಿಮೆ ಬೆಲೆಯ ಸ್ಟಿಕ್ಕಿನಲ್ಲಿ ಅವು ಸಾಧಾರಣವಾಗಿಯೇ ಇರುತ್ತವೆ, ಆದರೆ ಬದಲಿಸಲು ಅತ್ಯಂತ ಸುಲಭವಾದ ಭಾಗಗಳೂ ಅವೇ. ಹೊರದೇಶದ ಮಾರುಕಟ್ಟೆಯಲ್ಲಿ ಜೆಎಲ್‌ಎಫ್ ಲಿವರಿನ ಬೆಲೆ ಸುಮಾರು 25 ಡಾಲರ್, ಸಾನ್ವಾ ಗುಂಡಿಯೊಂದಕ್ಕೆ ಸುಮಾರು 3 ಡಾಲರ್. ಎಂಟು ಗುಂಡಿ ಮತ್ತು ಲಿವರನ್ನು ಒಂದೇ ಸಲಕ್ಕೆ ಕೊಳ್ಳಬೇಕೆಂದೂ ಇಲ್ಲ. ಬದಲಿಸಲಾಗದ್ದು ಪೆಟ್ಟಿಗೆ, ಬದಲಿಸಲು ಕಷ್ಟವಾದದ್ದು ಒಳಗಿನ ಸರ್ಕ್ಯೂಟ್ ಬೋರ್ಡ್. ಆದ್ದರಿಂದ ಸೀಮಿತ ಹಣವನ್ನು ಸಾಧಾರಣ ಭಾಗಗಳಿರುವ ಒಳ್ಳೆಯ ಪೆಟ್ಟಿಗೆಗೆ ಕೊಡುವುದು ಜಾಣತನ. ಒಳ್ಳೆಯ ಭಾಗಗಳಿವೆಯೆಂದು ಹೇಳಿಕೊಳ್ಳುವ ಕೆಟ್ಟ ಪೆಟ್ಟಿಗೆಗೆ ಕೊಟ್ಟ ಹಣ ಮರಳಿ ಕೈಗೆ ಹತ್ತುವುದಿಲ್ಲ.

ಪೆಟ್ಟಿಗೆಯಲ್ಲಿ ನೋಡಬೇಕಾದ ಮೊದಲ ಗುಣ ತೂಕ ಮತ್ತು ಅಗಲ. ಆಟದ ಬಿಸಿಯಲ್ಲಿ ಲಿವರನ್ನು ಎಳೆದಾಡುವಾಗ ಹಗುರವಾದ ಪೆಟ್ಟಿಗೆ ಮೇಜಿನ ಮೇಲೆ ಜಾರುತ್ತದೆ, ಕಿರಿದಾದದ್ದು ಮಡಿಲಲ್ಲಿ ಓಲಾಡುತ್ತದೆ, ಮಣಿಕಟ್ಟಿಗೆ ಆಸರೆ ಕೊಡುವಷ್ಟು ಜಾಗ ಮುಂಭಾಗದಲ್ಲಿ ಇಲ್ಲದಿದ್ದರೆ ಅರ್ಧ ಗಂಟೆಯಲ್ಲಿ ಕೈ ದಣಿಯುತ್ತದೆ. ಎರಡನೆಯದು ಗುಂಡಿಗಳ ರಂಧ್ರದ ಅಳತೆ: ಆಟದ ಮುಖ್ಯ ಗುಂಡಿಗಳಿಗೆ 30 ಮಿಲಿಮೀಟರ್, ಬದಿಯ ಸಣ್ಣ ಗುಂಡಿಗಳಿಗೆ 24 ಮಿಲಿಮೀಟರ್ ಎಂಬುದು ಜಪಾನೀ ರೂಢಿಯಾಗಿದ್ದು, ಈ ಅಳತೆ ಇಲ್ಲದ ಪೆಟ್ಟಿಗೆಗೆ ಮುಂದೆ ಒಳ್ಳೆಯ ಗುಂಡಿ ಹಾಕುವ ದಾರಿಯೇ ಮುಚ್ಚಿಹೋಗುತ್ತದೆ. ಮೂರನೆಯದಾಗಿ, ತಂತಿಗಳನ್ನು ಗುಂಡಿಗೆ ಬೆಸುಗೆ ಹಾಕಿದ್ದಾರೆಯೇ ಅಥವಾ ಎಳೆದು ತೆಗೆಯಬಹುದಾದ ಲೋಹದ ಕ್ಲಿಪ್ಪಿನಿಂದ ಸಿಕ್ಕಿಸಿದ್ದಾರೆಯೇ ಎಂಬುದನ್ನು ಒಳಭಾಗದ ಚಿತ್ರ ನೋಡಿ ತಿಳಿಯಬೇಕು. ಕ್ಲಿಪ್ಪಿನದಾದರೆ ಬದಲಾವಣೆಗೆ ಬೇಕಾಗುವುದು ಬಹುಮಟ್ಟಿಗೆ ಸ್ಕ್ರೂಡ್ರೈವರ್ ಒಂದೇ. ಗದ್ದಲದ ಮಾತನ್ನು ಯಾವ ಜಾಹೀರಾತೂ ಎತ್ತುವುದಿಲ್ಲ: ರಾತ್ರಿ ಹನ್ನೊಂದರ ಮೇಲೆ ಮೈಕ್ರೋಸ್ವಿಚ್ಚಿನ ಟಿಕ್‌ಟಿಕ್ ಪಕ್ಕದ ಕೋಣೆಯವರ ನಿದ್ದೆ ಕೆಡಿಸಬಲ್ಲದು, ಅಂತಹ ಮನೆಗಳಿಗೆಂದೇ ಸದ್ದಡಗಿಸಿದ ಗುಂಡಿಗಳು ತುಸು ಹೆಚ್ಚಿನ ಬೆಲೆಗೆ ಸಿಗುತ್ತವೆ.

ಸರ್ಕ್ಯೂಟ್ ಬೋರ್ಡಿನ ವಿಷಯ ಇನ್ನಷ್ಟು ತೊಡಕಿನದು. ಹೊಸಬರ ಹಣ ಹೆಚ್ಚಾಗಿ ಪೋಲಾಗುವುದೂ ಇಲ್ಲಿಯೇ. ಲಿವರು ಮತ್ತು ಗುಂಡಿಗಳ ಸಂಕೇತಗಳನ್ನು ಒಟ್ಟುಗೂಡಿಸಿ ಯಂತ್ರಕ್ಕೆ ತಿಳಿಯುವ ಭಾಷೆಯಲ್ಲಿ ಕಳಿಸುವ ಈ ಬೋರ್ಡನ್ನು ಕಂಪ್ಯೂಟರು ಹೆಚ್ಚು ತಕರಾರಿಲ್ಲದೆ ಒಪ್ಪಿಕೊಳ್ಳುತ್ತದೆ. ಆದರೆ ಕನ್ಸೋಲುಗಳು ಜೋಡಣೆಯಾದ ಉಪಕರಣ ಪರವಾನಗಿ ಪಡೆದದ್ದೇ ಎಂದು ಪರೀಕ್ಷಿಸುತ್ತವೆ. ಪರವಾನಗಿ ಇಲ್ಲದ ಅಗ್ಗದ ಸ್ಟಿಕ್‌ಗಳು ಈ ಪರೀಕ್ಷೆಯನ್ನು ದಾಟಲು ಕನ್ಸೋಲಿನ ಅಸಲಿ ಪ್ಯಾಡನ್ನು ತಮ್ಮ ಬೆನ್ನಿಗೆ ತಂತಿಯಿಂದ ಕಟ್ಟಿಕೊಂಡಿರಬೇಕಾಗುತ್ತದೆ. ಪ್ಲೇಸ್ಟೇಷನ್ 4ಕ್ಕೆಂದು ಮಾಡಿದ ಸ್ಟಿಕ್‌ಗಳು ಪ್ಲೇಸ್ಟೇಷನ್ 5ರಲ್ಲಿ ಹಳೆಯ ಆಟಗಳಿಗೆ ಒದಗಿದರೂ ಹೊಸ ಆಟಗಳಿಗೆ ಸಾಮಾನ್ಯವಾಗಿ ಒದಗುವುದಿಲ್ಲ. ಸ್ಟ್ರೀಟ್ ಫೈಟರ್ 6 ಮತ್ತು ಟೆಕ್ಕೆನ್ 8ರಂತಹ ಫೈಟಿಂಗ್ ಗೇಮ್‌ಗಳು ಮಾತ್ರ ಹಳೆಯ ಸ್ಟಿಕ್‌ಗಳಿಗೆ ವಿಶೇಷ ಅವಕಾಶ ಕೊಟ್ಟಿವೆ. ಎಕ್ಸ್‌ಬಾಕ್ಸ್ ಕೂಡ 2023ರ ಕೊನೆಯಿಂದ ಪರವಾನಗಿರಹಿತ ಉಪಕರಣಗಳನ್ನು ತಡೆಯತೊಡಗಿತು. ತೈವಾನಿನ ಬ್ರೂಕ್‌ನಂತಹ ಸಂಸ್ಥೆಗಳು ಮಾರುವ ಪರಿವರ್ತಕಗಳನ್ನು ನಡುವೆ ಸಿಕ್ಕಿಸಿ ಈ ತೊಡಕನ್ನು ನಿವಾರಿಸಬಹುದಾದರೂ, ಅವುಗಳ ಬೆಲೆಯನ್ನು ಸೇರಿಸಿದರೆ ಅಗ್ಗದ ಸ್ಟಿಕ್ ಅಗ್ಗವಾಗಿ ಉಳಿಯುವುದಿಲ್ಲ. ಯಾವ ಯಂತ್ರದಲ್ಲಿ ಆಡುವುದೆಂದು ನಿರ್ಧರಿಸುವ ಮುನ್ನ ಸ್ಟಿಕ್ ಕೊಳ್ಳಬಾರದೆಂಬುದಕ್ಕೆ ಇದೇ ಕಾರಣ.

ಈ ಒರೆಗಲ್ಲಿಗೆ ಪರಿಚಿತ ಮಾದರಿಗಳನ್ನು ಹಚ್ಚಿದರೆ ಅವುಗಳ ನಡುವಿನ ಅಂತರ ಕಾಣುತ್ತದೆ. ಮೇಫ್ಲ್ಯಾಷ್ ಸಂಸ್ಥೆಯ ಎಫ್300 ಸುಮಾರು 60 ಡಾಲರಿನ ಸ್ಟಿಕ್. ಅದರ ಮೂಲ ಲಿವರು ಮತ್ತು ಗುಂಡಿಗಳನ್ನು ಹೊಗಳುವವರು ಕಡಿಮೆ, ಆದರೆ ಸಾನ್ವಾ ಭಾಗಗಳು ಸಲೀಸಾಗಿ ಕೂರುವ ಪೆಟ್ಟಿಗೆಯೆಂಬ ಕಾರಣಕ್ಕೇ ಅದು ಹಲವು ವರ್ಷಗಳಿಂದ ಹೊಸಬರ ಮೊದಲ ಆಯ್ಕೆಯಾಗಿದೆ. ಅದರ ಹಿರಿಯಣ್ಣನಂತಿರುವ ಎಫ್500 ಇನ್ನಷ್ಟು ಅಗಲ ಮತ್ತು ಭಾರ. ಜಪಾನಿನ ಹೋರಿ ಸಂಸ್ಥೆಯ ಫೈಟಿಂಗ್ ಸ್ಟಿಕ್ ಮಿನಿ ಬೆಲೆಯಲ್ಲಿ ಇನ್ನೂ ಕಡಿಮೆಯಾಗಿದ್ದು ಪರವಾನಗಿಯನ್ನೂ ಹೊಂದಿದೆ; ಆದರೆ ಅದರ ಕಿರಿದಾದ ಒಡಲು ಪೂರ್ಣ ಅಳತೆಯ ಭಾಗಗಳಿಗೆ ಎಡೆಕೊಡುವುದಿಲ್ಲವಾದ್ದರಿಂದ, ಲಿವರು ತನಗೆ ಒಗ್ಗುತ್ತದೆಯೇ ಎಂದು ಪರೀಕ್ಷಿಸುವವರಿಗೆ ಅಥವಾ ಮಕ್ಕಳಿಗೆ ಅದು ಸಾಕು, ಬೆಳೆಯಬಯಸುವವರಿಗೆ ಸಾಲದು. 2020ರಲ್ಲಿ ಬಂದ 8ಬಿಟ್‌ಡೋ ಸಂಸ್ಥೆಯ ಸ್ಟಿಕ್ ನಿಸ್ತಂತುವಾಗಿಯೂ ಕೆಲಸ ಮಾಡುತ್ತದೆ, ಭಾಗ ಬದಲಿಸಲು ಅನುವಾಗಿದೆ, ಕಂಪ್ಯೂಟರ್ ಮತ್ತು ನಿಂಟೆಂಡೊ ಸ್ವಿಚ್ ಬಳಸುವವರಿಗೆ ಹೊಂದುತ್ತದೆ. ಪ್ಲೇಸ್ಟೇಷನ್ನಿನವರಿಗೆ ಅದು ಸಲ್ಲದು. ಹಳೆಯ ಸ್ಟಿಕ್ ಕೊಳ್ಳುವವರಿಗೆ 2009ರಲ್ಲಿ ಸ್ಟ್ರೀಟ್ ಫೈಟರ್ 4ರೊಂದಿಗೆ ಮ್ಯಾಡ್ ಕ್ಯಾಟ್ಜ್ ಸಂಸ್ಥೆ ತಂದ, ಸಾನ್ವಾ ಭಾಗಗಳೇ ಇದ್ದ ಟೂರ್ನಮೆಂಟ್ ಎಡಿಷನ್ ಇಂದಿಗೂ ಗಟ್ಟಿ ಪೆಟ್ಟಿಗೆಯೇ, ಆದರೆ ಅದರ ಬೋರ್ಡು ಪ್ಲೇಸ್ಟೇಷನ್ 3 ಮತ್ತು ಎಕ್ಸ್‌ಬಾಕ್ಸ್ 360ರ ಕಾಲದ್ದು.

ಭಾರತದ ಕೊಳ್ಳುಗರಿಗೆ ಡಾಲರಿನ ಬೆಲೆ ಅರ್ಧ ಸತ್ಯ ಮಾತ್ರ. ಸಾಗಣೆ ವೆಚ್ಚ, ಆಮದು ಸುಂಕ ಮತ್ತು ತೆರಿಗೆಗಳು ಸೇರಿದಾಗ ದೊಡ್ಡ ಭಾರದ ಪೆಟ್ಟಿಗೆಯ ಬೆಲೆ ಅಳತೆಮೀರಿ ಏರುತ್ತದೆ. ಹಗುರವಾದ ಲಿವರು ಮತ್ತು ಗುಂಡಿಗಳನ್ನಷ್ಟೇ ತರಿಸಿ, ಪೆಟ್ಟಿಗೆಯನ್ನು ಪ್ಲೈವುಡ್ಡಿನಲ್ಲಿ ಇಲ್ಲಿಯೇ ಮಾಡಿಸುವ ದಾರಿ ಈ ಕಾರಣಕ್ಕೆ ಪರಿಶೀಲನಾರ್ಹ. 2021ರಲ್ಲಿ 4 ಡಾಲರ್ ಬೆಲೆಗೆ ಬಂದ ರಾಸ್ಪ್‌ಬೆರಿ ಪೈ ಪಿಕೊ ಎಂಬ ಪುಟ್ಟ ಬೋರ್ಡಿಗೆ ಜಿಪಿ2040-ಸಿಇ ಎಂಬ ಉಚಿತ ತಂತ್ರಾಂಶವನ್ನು ತುಂಬಿದರೆ ಅದು ಕಂಪ್ಯೂಟರಿಗೆ ಅತಿವೇಗದ ಸ್ಟಿಕ್ ಬೋರ್ಡಾಗಿ ಕೆಲಸ ಮಾಡುತ್ತದೆ. ಬೆಂಗಳೂರಿನ ಎಸ್‌ಪಿ ರಸ್ತೆಯಂತಹ ಎಲೆಕ್ಟ್ರಾನಿಕ್ ಪೇಟೆಗಳಲ್ಲಿ ಇಂತಹ ಬೋರ್ಡು, ತಂತಿ, ಕ್ಲಿಪ್ಪುಗಳನ್ನು ಹುಡುಕುವುದು ಕಷ್ಟವಲ್ಲ. ಬೆಸುಗೆ ಹಾಕಲು ಬರುವ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಇದಕ್ಕಿಂತ ಅಗ್ಗದ ಮಾರ್ಗವಿಲ್ಲ.

ಇದೇ ಬೋರ್ಡು ಲಿವರೇ ಇಲ್ಲದ ಇನ್ನೊಂದು ಬಗೆಯ ಉಪಕರಣವನ್ನೂ ಅಗ್ಗವಾಗಿಸಿದೆ. ಹಿಟ್ ಬಾಕ್ಸ್ ಎಂಬ ಸಂಸ್ಥೆ ಜನಪ್ರಿಯಗೊಳಿಸಿದ ಈ ಲಿವರ್‌ಲೆಸ್ ಪೆಟ್ಟಿಗೆಗಳಲ್ಲಿ ನಾಲ್ಕು ದಿಕ್ಕುಗಳಿಗೂ ನಾಲ್ಕು ಗುಂಡಿಗಳಿದ್ದು, ಅವು ತೆಳ್ಳಗೆ, ಹಗುರವಾಗಿ, ಸಾಗಿಸಲು ಸುಲಭವಾಗಿರುವುದರಿಂದ ವೃತ್ತಿಪರರಲ್ಲಿ ಹಲವರು ಈಚೆಗೆ ಅವುಗಳತ್ತ ಹೊರಳಿದ್ದಾರೆ. ಎಡ ಮತ್ತು ಬಲ ಗುಂಡಿಗಳನ್ನು ಒಟ್ಟಿಗೆ ಒತ್ತಿದರೆ ಏನಾಗಬೇಕೆಂಬುದಕ್ಕೆ ಸ್ಪರ್ಧೆಗಳಲ್ಲಿ ನಿಯಮಗಳಿರುವುದರಿಂದ, ಆ ವರ್ತನೆಯನ್ನು ಬದಲಿಸಲು ಬರುವ ಪೆಟ್ಟಿಗೆಯನ್ನೇ ಕೊಳ್ಳಬೇಕು. ಕೀಬೋರ್ಡಿನಲ್ಲಿ ಆಡಿ ಅಭ್ಯಾಸವಿದ್ದವರಿಗೆ ಲಿವರಿಗಿಂತ ಇದೇ ಬೇಗ ಕೈಗೂಡುತ್ತದೆ. ಆರ್ಕೇಡಿನ ಸುಖವನ್ನೇ ಬಯಸಿ ಬಂದವರಿಗೆ ಇದು ಸಪ್ಪೆಯೆನಿಸಬಹುದು.

ಸ್ಟಿಕ್ ಯಾವುದೇ ಆಗಿರಲಿ, ಕೊಂಡ ಕೂಡಲೇ ಭಾಗಗಳನ್ನು ಬದಲಿಸುವ ಆತುರ ಬೇಕಾಗಿಲ್ಲ. ಇಂದಿನ ಬಹುತೇಕ ಫೈಟಿಂಗ್ ಗೇಮ್‌ಗಳ ಅಭ್ಯಾಸ ವಿಭಾಗದಲ್ಲಿ ಲಿವರು ಮತ್ತು ಗುಂಡಿಗಳ ಪ್ರತಿಯೊಂದು ಸಂಕೇತವನ್ನೂ ಪರದೆಯ ಬದಿಯಲ್ಲಿ ಬಾಣದ ಗುರುತುಗಳಾಗಿ ತೋರಿಸುವ ಸೌಲಭ್ಯವಿದೆ. ಕಾಲುವೃತ್ತವನ್ನು ನಿಧಾನವಾಗಿ ಸುತ್ತಿದಾಗ ಮೂಲೆಯ ಬಾಣ ಪ್ರತಿಸಲವೂ ಕಾಣಿಸಿ, ವೇಗವಾಗಿ ಸುತ್ತಿದಾಗ ಮಾತ್ರ ತಪ್ಪುತ್ತಿದ್ದರೆ ಕೊರತೆ ಕೈಯಲ್ಲಿದೆ, ಅಭ್ಯಾಸವೇ ಅದಕ್ಕೆ ಮದ್ದು. ನಿಧಾನವಾಗಿ ಮೂಲೆಗೆ ಒತ್ತಿ ಹಿಡಿದಾಗಲೂ ಬಾಣ ಮಿನುಗುತ್ತಿದ್ದರೆ ಅಥವಾ ಕಾಣದಿದ್ದರೆ ಸ್ವಿಚ್ಚಿನಲ್ಲಿ ದೋಷವಿದೆ, ಆಗ ಹೊಸ ಲಿವರಿಗೆ ಹಣ ಹಾಕಬಹುದು.